ಗಾಳಿಯ ಚಿತ್ರ, ತಂತಿಯ ಚಿತ್ರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈಚಿನ ವರ್ಷಗಳಲ್ಲಿ ‘ತಂತಿ ಕಡಿಯುವುದು’ ಎಂಬ ಮಾತು ಮನೆಮಾತಾಗಿದೆ. ತಿಂಗಳು ತಿಂಗಳೂ ಹಣ ತೆತ್ತು ಪಡೆಯುತ್ತಿದ್ದ ಕೇಬಲ್ ಟೆಲಿವಿಷನ್ನನ್ನು ಬಿಟ್ಟು, ಅದಕ್ಕೆ ಬದಲಾಗಿ ಒಂದು ಆಂಟೆನಾವನ್ನೂ ಅಂತರಜಾಲದಿಂದ ಚಿತ್ರಗಳನ್ನು ತರಿಸಿಕೊಡುವ ಅಂಗೈಯಗಲದ ಪೆಟ್ಟಿಗೆಯನ್ನೂ ಇರಿಸಿಕೊಳ್ಳುವುದಕ್ಕೆ ಈ ಹೆಸರು. ಹೀಗೆ ಅಂತರಜಾಲದ ಮೂಲಕ ಚಿತ್ರವು ಹೊನಲಿನಂತೆ ಹರಿದುಬರುವುದನ್ನೇ ಸ್ಟ್ರೀಮಿಂಗ್ ಎನ್ನುತ್ತಾರೆ. ನೀಲ್ಸನ್ ಸಂಸ್ಥೆಯ ಎಣಿಕೆಯಂತೆ, 2025ರ ಮೇ ತಿಂಗಳಲ್ಲಿ ಆ ದೇಶದವರು ಟೆಲಿವಿಷನ್ನಿನ ಮುಂದೆ ಕಳೆದ ಹೊತ್ತಿನಲ್ಲಿ ಶೇಕಡ 44.8 ಭಾಗವು ಸ್ಟ್ರೀಮಿಂಗಿಗೆ ಸಂದಿತು. ಪ್ರಸಾರ ಕೇಂದ್ರಗಳ ಪಾಲನ್ನೂ ಕೇಬಲ್ ವಾಹಿನಿಗಳ ಪಾಲನ್ನೂ ಕೂಡಿಸಿದರೂ ಅಷ್ಟಾಗಲಿಲ್ಲ. ಹಾಗಾದುದು ಅದೇ ಮೊದಲು.

ಇದು ಬರಿಯ ಖರ್ಚಿನ ಲೆಕ್ಕವೆಂದು ತೋರಬಹುದು. ಆದರೆ ಕೇಬಲನ್ನು ಬಿಟ್ಟವನು ಏನನ್ನು ಉಳಿಸುತ್ತಾನೆ, ಏನನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ತಿಳಿಯಬೇಕಾದರೆ, ಒಂದೇ ಚಿತ್ರವು ಮನೆಗೆ ಬರುವ ಬೇರೆ ಬೇರೆ ದಾರಿಗಳನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡಬೇಕು.

ಕೇಬಲ್ ಹುಟ್ಟಿದ ಬಗೆ

ಕೇಬಲ್ ಟೆಲಿವಿಷನ್ ಹುಟ್ಟಿದ್ದು ಆಂಟೆನಾದ ಶತ್ರುವಾಗಿ ಅಲ್ಲ, ಅದರ ಸೇವಕನಾಗಿ. 1948ರ ಸುಮಾರಿನಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಮಹನಾಯ್ ಸಿಟಿ ಎಂಬ ಊರಿನಲ್ಲಿ ಜಾನ್ ವಾಲ್ಸನ್ ಎಂಬ ವರ್ತಕರು ಟೆಲಿವಿಷನ್ ಪೆಟ್ಟಿಗೆಗಳನ್ನು ಮಾರುತ್ತಿದ್ದರು. ಸುತ್ತಲೂ ಬೆಟ್ಟಗಳು, ಫಿಲಡೆಲ್ಫಿಯಾ ನಗರದ ಪ್ರಸಾರವು ಆ ಕಣಿವೆಯೊಳಕ್ಕೆ ಇಳಿಯುತ್ತಿರಲಿಲ್ಲ. ಚಿತ್ರವೇ ಕಾಣದ ಮೇಲೆ ಪೆಟ್ಟಿಗೆಯನ್ನು ಕೊಳ್ಳುವವರಾರು? ವಾಲ್ಸನ್ನರು ಬೆಟ್ಟದ ತಲೆಯಲ್ಲಿ ಒಂದು ಆಂಟೆನಾ ನೆಟ್ಟು, ಅಲ್ಲಿಂದ ಊರಿಗೆ ತಂತಿ ಎಳೆದರು. ಹೆಚ್ಚು ಕಡಮೆ ಅದೇ ಕಾಲದಲ್ಲಿ ಆರೆಗಾನ್ ಸಂಸ್ಥಾನದ ಆಸ್ಟೋರಿಯಾದಲ್ಲಿ ಎಡ್ ಪಾರ್ಸನ್ಸ್ ಎಂಬವರು ಒಂದು ಹೋಟೆಲಿನ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ, ದೂರದ ಸಿಯಾಟಲ್ ನಗರದ ಪ್ರಸಾರವನ್ನು ಹಿಡಿದು ನೆರೆಹೊರೆಗೆ ಹಂಚಿದರು. ಊರಿಗೆಲ್ಲ ಒಂದೇ ಕೆರೆಯಿರುವಂತೆ ಊರಿಗೆಲ್ಲ ಒಂದೇ ಆಂಟೆನಾ. ಆದುದರಿಂದ ಆಗ ಇದಕ್ಕೆ ‘ಸಮುದಾಯ ಆಂಟೆನಾ’ ಎಂದೇ ಹೆಸರಿತ್ತು.

ಮುಂದೆ ಉಪಗ್ರಹಗಳ ಕಾಲ ಬಂದಿತು. ಗಾಳಿಯಲ್ಲಿ ದೊರೆಯದ ನೂರಾರು ವಾಹಿನಿಗಳು ಅದೇ ತಂತಿಯಲ್ಲಿ ಹರಿದುವು. 1992ರಲ್ಲಿ ಮಾಡಿದ ಒಂದು ಶಾಸನದಿಂದ, ತಮ್ಮ ಪ್ರಸಾರವನ್ನು ತಂತಿಯಲ್ಲಿ ಹರಿಯಿಸುವ ಕೇಬಲ್ ಕಂಪನಿಗಳಿಂದ ಹಣ ಕೇಳುವ ಹಕ್ಕು ಪ್ರಸಾರ ಕೇಂದ್ರಗಳಿಗೆ ದೊರೆಯಿತು. ಆ ಹಣವು ಕೊನೆಗೆ ಗ್ರಾಹಕನ ಬಿಲ್ಲಿಗೇ ಬಂದು ಸೇರುವುದು. ಹೀಗೆ ಒಂದು ವಿಪರ್ಯಾಸ ಉಂಟಾಯಿತು: ಯಾವ ಅಲೆ ಮನೆಯ ಮಾಡಿನ ಮೇಲೆ ಹಗಲಿರುಳೂ ಬಿಟ್ಟಿಯಾಗಿ ಬಂದು ಬೀಳುತ್ತಿದೆಯೋ, ಅದೇ ಚಿತ್ರವನ್ನು ಮನೆಯವರು ಹಣ ಕೊಟ್ಟು ತಂತಿಯಲ್ಲಿ ಪಡೆಯುತ್ತಿದ್ದಾರೆ. ತಂತಿ ಕಡಿಯಲು ಹೊರಟವರು ಕೇಳುವ ಮೊದಲನೆಯ ಪ್ರಶ್ನೆ ಇದೇ. ಬಿಟ್ಟಿಯಾಗಿ ಬರುವ ಅಲೆಯನ್ನು ನಾವೇ ಏಕೆ ಹಿಡಿಯಬಾರದು?

ಅಲೆಯ ಅಳತೆಗೆ ತಕ್ಕ ಕಡ್ಡಿ

ಟೆಲಿವಿಷನ್ ಕೇಂದ್ರವು ಕಳುಹುವುದು ವಿದ್ಯುತ್ಕಾಂತ ಅಲೆಗಳನ್ನು. ಇವು ಬೆಳಕಿನ ಒಡಹುಟ್ಟುಗಳು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಲ್ಲಿ ಸಾಗುವುವು. ಈ ವೇಗವನ್ನು ಸೆಕೆಂಡಿಗಾಗುವ ಕಂಪನಗಳ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದವು ದೊರೆಯುತ್ತದೆ. ಇಂದು ಅಮೆರಿಕದ ಬಹುಪಾಲು ಕೇಂದ್ರಗಳು 470 ರಿಂದ 608 ಮೆಗಾಹರ್ಟ್ಸ್ ವರೆಗಿನ ಪಟ್ಟಿಯಲ್ಲಿವೆ. ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಕಂಪನ. 600 ಮೆಗಾಹರ್ಟ್ಸಿನ ಅಲೆಯ ಉದ್ದ ಅರ್ಧ ಮೀಟರು.

ಈ ಅಲೆಯು ಒಂದು ಲೋಹದ ಕಡ್ಡಿಯನ್ನು ತಾಕಿದಾಗ ಅದರೊಳಗಿನ ಇಲೆಕ್ಟ್ರಾನುಗಳು ಹಿಂದಕ್ಕೂ ಮುಂದಕ್ಕೂ ತೂಗಾಡುವುವು. ಕಡ್ಡಿಯ ಉದ್ದವು ಅಲೆಯ ಉದ್ದದ ಅರ್ಧದಷ್ಟಿದ್ದರೆ ಈ ತೂಗಾಟ ಬಲವಾಗಿರುತ್ತದೆ. ಉಯ್ಯಾಲೆಯನ್ನು ಅದರ ಹದವರಿತು ನೂಕಿದರೆ ಸಣ್ಣ ನೂಕಿಗೂ ಎತ್ತರಕ್ಕೆ ಹೋಗುವುದಿಲ್ಲವೆ? ಅದೇ ನ್ಯಾಯ ಇಲ್ಲಿಯದು. ಆದುದರಿಂದ 600 ಮೆಗಾಹರ್ಟ್ಸಿಗೆ 25 ಸೆಂಟಿಮೀಟರಿನ ಕಡ್ಡಿ ಸಾಕು. ಕೆಲವು ಕೇಂದ್ರಗಳು ಇನ್ನೂ 174 ಮೆಗಾಹರ್ಟ್ಸಿನ ಆಚೀಚೆಯ ಹಳೆಯ ಪಟ್ಟಿಯಲ್ಲಿಯೇ ಇವೆ. ಅವುಗಳಿಗೆ ಸುಮಾರು 85 ಸೆಂಟಿಮೀಟರಿನ ಕಡ್ಡಿ ಬೇಕಾಗುತ್ತದೆ. ಗೋಡೆಗೆ ಅಂಟಿಸುವ ಹಾಳೆಯಂಥ ಚಪ್ಪಟೆ ಆಂಟೆನಾವನ್ನು ಕೊಂಡವರು ಹಲವು ಕೇಂದ್ರಗಳು ಚೆನ್ನಾಗಿ ಕಾಣುತ್ತವೆ, ಒಂದೆರಡು ಮಾತ್ರ ಕಾಣುವುದೇ ಇಲ್ಲ ಎಂದು ದೂರುವುದುಂಟು. ಅನೇಕ ವೇಳೆ ತಪ್ಪು ಅಂಗಡಿಯವನದಲ್ಲ. ಉದ್ದದ ಅಲೆಗೆ ಗಿಡ್ಡ ಕಡ್ಡಿ ಒದಗಲಿಲ್ಲ, ಅಷ್ಟೆ.

ಒಂದೇ ಕಡ್ಡಿಯಿಂದ ಸಾಲದಾದಾಗ ಹಲವು ಕಡ್ಡಿಗಳನ್ನು ಸಾಲಾಗಿ ಜೋಡಿಸುತ್ತಾರೆ. ಜಪಾನಿನ ತೋಹೊಕು ವಿಶ್ವವಿದ್ಯಾನಿಲಯದ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ ಎಂಬ ವಿಜ್ಞಾನಿಗಳು 1926ರಲ್ಲಿ ಈ ಉಪಾಯವನ್ನು ಪ್ರಕಟಿಸಿದರು. ಅಲೆಯನ್ನು ಹಿಡಿಯುವ ಕಡ್ಡಿಯ ಹಿಂದೆ ತುಸು ಉದ್ದವಾದ ಇನ್ನೊಂದು ಕಡ್ಡಿ ಕನ್ನಡಿಯಂತೆ ನಿಲ್ಲುವುದು. ಮುಂದೆ ತುಸು ಗಿಡ್ಡವಾದ ಕಡ್ಡಿಗಳು ಅಲೆಯನ್ನು ಒಳಕ್ಕೆ ಕರೆತರುವುವು. ನಮ್ಮ ಊರುಗಳಲ್ಲಿ 1980ರ ದಶಕದಲ್ಲಿ ಮಾಡಿನ ಮೇಲೆಲ್ಲ ಮೀನಿನ ಮುಳ್ಳುಗಳಂತೆ ನಿಂತಿದ್ದ ಆಂಟೆನಾಗಳನ್ನು ನೆನೆದುಕೊಳ್ಳಿ. ಅವು ಈ ಯಾಗಿ-ಉಡಾ ಆಂಟೆನಾಗಳೇ. ಅವುಗಳ ಬಲವೆಲ್ಲ ಒಂದೇ ದಿಕ್ಕಿಗೆ. ಗಾಳಿಗೆ ಅಥವಾ ಕಾಗೆಯ ಭಾರಕ್ಕೆ ಆಂಟೆನಾ ತಿರುಗಿದರೆ ಮಾಡು ಹತ್ತಿ ಅದನ್ನು ನೇರ್ಪಡಿಸಬೇಕಾಗುತ್ತಿದ್ದುದು ಇದರಿಂದಲೇ.

ಭೂಮಿಯ ಬಾಗು

ಈ ಅಲೆಗಳು ಹೆಚ್ಚು ಕಡಮೆ ನೇರವಾಗಿ ಸಾಗುತ್ತವೆ, ಭೂಮಿಯೋ ದುಂಡಗಿದೆ. ಗೋಪುರದ ಎತ್ತರವು ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 4.12 ರಿಂದ ಗುಣಿಸಿದರೆ ಅಲೆಯು ದಿಗಂತವನ್ನು ಮುಟ್ಟುವ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ವಾತಾವರಣವು ಅಲೆಯನ್ನು ಕೊಂಚ ಬಗ್ಗಿಸುವುದನ್ನೂ ಈ ಅಂಕಿ ಒಳಗೊಂಡಿದೆ. ಮನೆಯ ಆಂಟೆನಾಕ್ಕೂ ಹೀಗೆಯೇ ಲೆಕ್ಕ ಮಾಡಿ ಎರಡನ್ನೂ ಕೂಡಿಸಬೇಕು.

ಒಂದು ನಿಜವಾದ ನಿದರ್ಶನವನ್ನು ತೆಗೆದುಕೊಳ್ಳೋಣ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಗುಡ್ಡದ ಮೇಲೆ 1973ರಿಂದ ಕೆಲಸ ಮಾಡುತ್ತಿರುವ ಸುಟ್ರೊ ಗೋಪುರವಿದೆ. ಅದರ ಎತ್ತರ 977 ಅಡಿ. ಗುಡ್ಡವೂ ಸೇರಿ ಅದರ ತುದಿಯು ಸಮುದ್ರಮಟ್ಟದಿಂದ 550 ಮೀಟರುಗಳಷ್ಟು ಮೇಲಿದೆ. ಪ್ರಸಾರದ ಆಂಟೆನಾ 500 ಮೀಟರಿನಲ್ಲಿದೆಯೆಂದೂ ಮನೆಯ ಆಂಟೆನಾ 9 ಮೀಟರಿನಲ್ಲಿದೆಯೆಂದೂ ಇಟ್ಟುಕೊಂಡರೆ, 92 ಮತ್ತು 12 ಸೇರಿ ಸುಮಾರು 104 ಕಿಲೋಮೀಟರಾಗುತ್ತದೆ. ಸಾವಿರಾರು ಕನ್ನಡಿಗರು ನೆಲೆಸಿರುವ ಸಿಲಿಕಾನ್ ಕಣಿವೆಯ ಸ್ಯಾನ್ ಹೊಸೆ ನಗರವು ಅಲ್ಲಿಂದ ಸುಮಾರು 70 ಕಿಲೋಮೀಟರಿನಲ್ಲಿದೆ. ಆದುದರಿಂದ ಅಲ್ಲಿ ಮಾಡಿನ ಮೇಲೆ ಒಳ್ಳೆಯ ಆಂಟೆನಾ ಇಟ್ಟವನು ಚಿತ್ರವನ್ನು ನಿರೀಕ್ಷಿಸಬಹುದು. ಅದಕ್ಕಿಂತ ಹತ್ತಿರವಿದ್ದರೂ ಪೂರ್ವದ ಬೆಟ್ಟಸಾಲಿನ ಮರೆಯಲ್ಲಿರುವ ಡಬ್ಲಿನ್, ಸ್ಯಾನ್ ರಮೋನ್ ಮುಂತಾದ ಊರುಗಳಲ್ಲಿ ಅನೇಕ ಮನೆಗಳಿಗೆ ಆ ಭಾಗ್ಯವಿಲ್ಲ. ಮಹನಾಯ್ ಸಿಟಿಯ ಕಷ್ಟವೇ ಇವರದೂ. ಆಂಟೆನಾದ ಪೆಟ್ಟಿಗೆಯ ಮೇಲೆ ‘ಇಷ್ಟು ನೂರು ಮೈಲಿಗಳಿಂದ ಹಿಡಿಯುತ್ತದೆ’ ಎಂದು ಅಚ್ಚು ಮಾಡಿದ್ದರೆ ಓದುಗರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಭೂಮಿಯ ಬಾಗನ್ನು ಯಾವ ವರ್ತಕನೂ ನೇರ್ಪಡಿಸಲಾರನು.

ಬೆಂಗಳೂರಿನವರೊಬ್ಬರ ಕಾಣಿಕೆ

2009ರ ಜೂನ್ 12ರಂದು ಅಮೆರಿಕದ ಪೂರ್ಣಬಲದ ಕೇಂದ್ರಗಳೆಲ್ಲ ಹಳೆಯ ಪ್ರಸಾರಪದ್ಧತಿಯನ್ನು ಕೈಬಿಟ್ಟು ಅಂಕೀಯ ಪದ್ಧತಿಗೆ, ಎಂದರೆ ಡಿಜಿಟಲ್ ಪದ್ಧತಿಗೆ, ತಿರುಗಿದುವು. ಚಿತ್ರವನ್ನು ಒಂದು ಮತ್ತು ಸೊನ್ನೆಗಳ ಸಾಲಾಗಿ ಕಳುಹುವುದು ಇದರ ಕ್ರಮ. ಇಂಥ ಒಂದೊಂದು ಅಂಕಿಗೂ ಬಿಟ್ ಎಂದು ಹೆಸರು. ಈಗ ಒಂದು ಸಣ್ಣ ಗಣಿತ. ಉತ್ತಮ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿವೆ. ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 30 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್ಟುಗಳಾದುವು. ಆದರೆ ಒಂದು ಕೇಂದ್ರಕ್ಕೆ ಕೊಟ್ಟಿರುವ 6 ಮೆಗಾಹರ್ಟ್ಸಿನ ಓಣಿಯಲ್ಲಿ ಹರಿಯಬಲ್ಲವು ಸೆಕೆಂಡಿಗೆ ಸುಮಾರು 1 ಕೋಟಿ 94 ಲಕ್ಷ ಬಿಟ್ಟುಗಳು ಮಾತ್ರ. ಎಪ್ಪತ್ತೇಳು ಬಂಡಿಗಳ ಸರಕನ್ನು ಒಂದೇ ಬಂಡಿಯಲ್ಲಿ ತುಂಬಬೇಕು!

ಇದನ್ನು ಸಾಧ್ಯಗೊಳಿಸಿದ ಉಪಾಯಗಳಲ್ಲಿ ಮುಖ್ಯವಾದದ್ದಕ್ಕೂ ನಮ್ಮ ನಾಡಿಗೂ ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹಮದರು ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದಾಗ, 1972ರಲ್ಲಿ ಒಂದು ಗಣಿತವಿಧಾನವನ್ನು ಶೋಧಿಸಲು ಧನಸಹಾಯ ಕೇಳಿದರು; ಅದು ದೊರೆಯಲಿಲ್ಲ. ಆದರೂ ಕೆಲಸವನ್ನು ಬಿಡದೆ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ವೀಣೆಯ ನಾದವು ಒಂದು ಮೂಲಸ್ವರ ಮತ್ತು ಅದರ ಉಪಸ್ವರಗಳ ಕೂಟವೆಂದು ನಾವು ಬಲ್ಲೆವು. ಅದೇ ರೀತಿ, ಚಿತ್ರದ ಎಂಟೆಂಟು ಚುಕ್ಕೆಗಳ ಒಂದು ಚೌಕವನ್ನು 64 ಕೊಸೈನ್ ವಿನ್ಯಾಸಗಳ ಕೂಟವಾಗಿ ಬರೆಯಬಹುದು. ಸಾಮಾನ್ಯವಾದ ಚಿತ್ರಗಳಲ್ಲಿ ನಿಧಾನವಾಗಿ ಏರಿಳಿಯುವ ಕೆಲವೇ ವಿನ್ಯಾಸಗಳಿಗೆ ಹೆಚ್ಚು ತೂಕ. ಬಹು ಸೂಕ್ಷ್ಮವಾದವುಗಳಿಗೆ ಅತ್ಯಲ್ಪ. ಆ ಅಲ್ಪಾಂಶಗಳನ್ನು ಬಿಟ್ಟರೂ ನಮ್ಮ ಕಣ್ಣಿಗೆ ಅಷ್ಟಾಗಿ ತಿಳಿಯದು. ಇದರ ಜೊತೆಗೆ, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿದರೆ ಬಂಡಿಯ ಭಾರ ಇನ್ನೂ ಇಳಿಯುತ್ತದೆ. ಆಂಟೆನಾಕ್ಕೆ ಬರುವ ಚಿತ್ರವನ್ನು ಮಡಿಸಿ ಕಟ್ಟುವುದು ಈ ವಿಧಾನವೇ. ಸ್ಟ್ರೀಮಿಂಗ್ ಚಿತ್ರವನ್ನು ಕಟ್ಟುವುದು ಇದರ ಹತ್ತಿರದ ಬಂಧುಗಳು.

ಅಂಕೀಯ ಪದ್ಧತಿಗೆ ಒಂದು ವಿಶೇಷ ಸ್ವಭಾವವಿದೆ. ಹಿಂದೆ ಅಲೆಯ ಬಲ ತಗ್ಗಿದಂತೆ ಚಿತ್ರದಲ್ಲಿ ಹಿಮ ಸುರಿದಂತಾಗಿ ಕ್ರಮೇಣ ಮಸುಕಾಗುತ್ತಿತ್ತು. ಈಗ ಹಾಗಲ್ಲ. ಹಿನ್ನೆಲೆಯ ಗದ್ದಲಕ್ಕಿಂತ ಸಂಕೇತವು ಸುಮಾರು 30 ಪಟ್ಟು ಬಲವಾಗಿದ್ದರೆ ಚಿತ್ರವು ನಿರ್ಮಲ. ಅದಕ್ಕಿಂತ ತುಸು ಕೆಳಗಿಳಿದರೆ ಚಿತ್ರವೇ ಇಲ್ಲ. ಬೆಟ್ಟದ ಮೇಲೆ ಅಂಚಿನ ವರೆಗೂ ಸಮನೆಲ, ಮುಂದಿನ ಹೆಜ್ಜೆಗೆ ಪ್ರಪಾತ! ಆದುದರಿಂದ ಅಂಚಿನಲ್ಲಿರುವವನು ಸ್ವಲ್ಪವನ್ನೂ ಪೋಲು ಮಾಡಬಾರದು. ಆಂಟೆನಾದಿಂದ ಟೆಲಿವಿಷನ್ನಿಗೆ 30 ಮೀಟರು ಸಾಮಾನ್ಯ ತಂತಿ ಎಳೆದರೆ ಈ ಆವೃತ್ತಿಗಳಲ್ಲಿ ಶಕ್ತಿಯ ಮೂರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ವರ್ಧಕವನ್ನು ಟೆಲಿವಿಷನ್ನಿನ ಬಳಿ ಇಟ್ಟರೆ ಅದು ಸಂಕೇತದೊಡನೆ ಗದ್ದಲವನ್ನೂ ಹಿಗ್ಗಿಸುವುದು, ಪ್ರಯೋಜನ ಕಡಮೆ. ಅದನ್ನು ಇಡಬೇಕಾದ ಜಾಗ ಆಂಟೆನಾದ ಬುಡ, ತಂತಿಯಲ್ಲಿ ನಷ್ಟವಾಗುವುದಕ್ಕೆ ಮೊದಲು.

ಪೆಟ್ಟಿಗೆಯ ಗುಟ್ಟು

ಇನ್ನು ಅಂಗೈಯಗಲದ ಪೆಟ್ಟಿಗೆಯನ್ನು ನೋಡೋಣ. ನೆಟ್‌ಫ್ಲಿಕ್ಸ್ ಸಂಸ್ಥೆಯು 2007ರಲ್ಲಿ ಸ್ಟ್ರೀಮಿಂಗ್ ಆರಂಭಿಸಿತು; 2008ರಲ್ಲಿ ರೋಕು ಕಂಪನಿಯ ಮೊದಲ ಪೆಟ್ಟಿಗೆಯೂ 2013ರಲ್ಲಿ ಗೂಗಲಿನ ಕ್ರೋಮ್‌ಕಾಸ್ಟ್ ಎಂಬ ಕಡ್ಡಿಯೂ ಮಾರುಕಟ್ಟೆಗೆ ಬಂದುವು. ಇವುಗಳಲ್ಲಿ ಚಿತ್ರವೇನೂ ತುಂಬಿರುವುದಿಲ್ಲ. ದೂರದ ಗಣಕಯಂತ್ರದಲ್ಲಿ ಚಲನಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕನ್ನೂ ಉತ್ತಮ, ಮಧ್ಯಮ, ಸಾಧಾರಣ ಎಂದು ಹಲವು ದರ್ಜೆಗಳಲ್ಲಿ ಇಟ್ಟಿರುತ್ತಾರೆ. ಪೆಟ್ಟಿಗೆಯು ತುಣುಕುಗಳನ್ನು ಒಂದಾದಮೇಲೊಂದರಂತೆ ತರಿಸಿಕೊಂಡು, ಕೆಲವನ್ನು ಮುಂಚಿತವಾಗಿ ಕೂಡಿಟ್ಟುಕೊಂಡು, ಬಿಚ್ಚಿ ತೋರಿಸುತ್ತದೆ. ದಾರಿಯಲ್ಲಿ ಇಕ್ಕಟ್ಟಾದರೆ ಮುಂದಿನ ತುಣುಕನ್ನು ಕೆಳದರ್ಜೆಯಲ್ಲಿ ಕೇಳುವುದು, ಸಡಿಲವಾದರೆ ಮೇಲುದರ್ಜೆಯಲ್ಲಿ. ನೋಡುತ್ತಿದ್ದಂತೆ ಚಿತ್ರ ಕೆಲಹೊತ್ತು ಮಸುಕಾಗಿ ಮತ್ತೆ ತಿಳಿಯಾಗುವುದಕ್ಕೆ ಇದೇ ಕಾರಣ. ಹೀಗೆ ಕೂಡಿಟ್ಟು ತೋರಿಸುವುದರಿಂದ, ನಡೆಯುತ್ತಿರುವ ಆಟವು ಸ್ಟ್ರೀಮಿಂಗಿನಲ್ಲಿ ತಡವಾಗಿ ಕಾಣುವುದು. ಆಂಟೆನಾ ಇಟ್ಟಿರುವ ನೆರೆಮನೆಯವರು ‘ಗೋಲ್!’ ಎಂದು ಕೂಗಿದ ಮೇಲೆ ನಮ್ಮ ಮನೆಯ ಪರದೆಯಲ್ಲಿ ಆಟಗಾರನು ಚೆಂಡನ್ನು ಒದೆಯುತ್ತಾನೆ!

ಗಾಳಿಯ ಪ್ರಸಾರಕ್ಕೂ ಸ್ಟ್ರೀಮಿಂಗಿಗೂ ಇರುವ ಮೂಲಭೂತ ಭೇದ ಇದಕ್ಕಿಂತ ಆಳವಾದುದು. ಪ್ರಸಾರವು ದೇವಸ್ಥಾನದ ಗಂಟೆಯಂತೆ: ಹತ್ತು ಮಂದಿ ಕೇಳಿದರೂ ಹತ್ತು ಲಕ್ಷ ಮಂದಿ ಕೇಳಿದರೂ ಬಾರಿಸುವವನಿಗೆ ಶ್ರಮ ಅಷ್ಟೆ. ಸ್ಟ್ರೀಮಿಂಗ್ ಅಂಚೆಯವನಂತೆ: ಪ್ರತಿಯೊಂದು ಮನೆಗೂ ಬೇರೆ ಬೇರೆ ಕಾಗದ ಮುಟ್ಟಿಸಬೇಕು. ಉತ್ತಮ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 50 ಲಕ್ಷ ಬಿಟ್ಟುಗಳು ಬೇಕೆಂದರೆ, ಹತ್ತು ಲಕ್ಷ ಮನೆಗಳಿಗೆ ಸೆಕೆಂಡಿಗೆ 5 ಲಕ್ಷ ಕೋಟಿ ಬಿಟ್ಟುಗಳಾದುವು. ಅದೇ ಹತ್ತು ಲಕ್ಷ ಮನೆಗಳಿಗೆ ಗೋಪುರವು 1 ಕೋಟಿ 94 ಲಕ್ಷ ಬಿಟ್ಟುಗಳಲ್ಲಿ ಕೆಲಸ ಮುಗಿಸುತ್ತದೆ. ಈ ಹೊರೆಯನ್ನು ಹಗುರಗೊಳಿಸಲೆಂದೇ ಸ್ಟ್ರೀಮಿಂಗ್ ಕಂಪನಿಗಳು ಜನಪ್ರಿಯ ಚಿತ್ರಗಳ ಪ್ರತಿಗಳನ್ನು ಊರೂರಿನ ಅಂತರಜಾಲ ಕೇಂದ್ರಗಳಲ್ಲಿ ಮುಂಚಿತವಾಗಿ ಇಟ್ಟಿರುತ್ತವೆ.

ಬಿರುಗಾಳಿ, ಕಾಳ್ಗಿಚ್ಚುಗಳ ಸಮಯದಲ್ಲಿ ಈ ಭೇದವು ಪ್ರಾಣದ ಪ್ರಶ್ನೆಯಾಗಬಹುದು. ಎಲ್ಲರೂ ಏಕಕಾಲದಲ್ಲಿ ಸುದ್ದಿಗಾಗಿ ಹಾತೊರೆಯುವ ಹೊತ್ತು ಅದು. ಕಂಬಗಳುರುಳಿ ತಂತಿಗಳು ಹರಿಯುವ ಹೊತ್ತೂ ಅದೇ. ಗೋಪುರ ನಿಂತಿರುವ ವರೆಗೆ, ಬ್ಯಾಟರಿಯಿಂದ ನಡೆಯುವ ಸಣ್ಣ ಟೆಲಿವಿಷನ್ನಿಗೂ ಒಂದು ಗೇಣು ಕಡ್ಡಿಗೂ ಸುದ್ದಿ ಬಂದು ತಲಪುತ್ತದೆ. ಆದುದರಿಂದ ಕೇಬಲ್ ಬಿಟ್ಟವರು ಪೆಟ್ಟಿಗೆಯೊಂದನ್ನೇ ನೆಚ್ಚದೆ, ದೊರೆಯುವ ಕಡೆಗಳಲ್ಲಿ ಆಂಟೆನಾವನ್ನೂ ಇಟ್ಟುಕೊಳ್ಳುವುದು ವಿವೇಕ.

ಆಯ್ಕೆ ಮಾಡುವ ಕ್ರಮ

ತಂತಿ ಕಡಿಯಬೇಕೆಂದಿರುವವರು ಮೊದಲು ಒಂದು ಹಾಳೆಯ ಮೇಲೆ, ಮನೆಯವರೆಲ್ಲ ನಿಜವಾಗಿ ನೋಡುವ ಕಾರ್ಯಕ್ರಮಗಳನ್ನು ಬರೆಯಲಿ. ಅವುಗಳಲ್ಲಿ ಗಾಳಿಯಲ್ಲಿ ಬರುವಂಥವು ಯಾವುವು, ಸ್ಟ್ರೀಮಿಂಗಿನಲ್ಲಿ ಮಾತ್ರ ದೊರೆಯುವಂಥವು ಯಾವುವು ಎಂದು ವಿಂಗಡಿಸಲಿ. ಊರಿನ ಸುದ್ದಿ, ಹವೆ, ಮುಖ್ಯವಾದ ಕೆಲವು ಆಟಗಳು ಆಂಟೆನಾದಿಂದ ದೊರೆಯುತ್ತವೆ. ಕನ್ನಡದ ಚಿತ್ರವನ್ನೋ ಧಾರಾವಾಹಿಯನ್ನೋ ಬಯಸುವ ತಂದೆತಾಯಿಗಳು ಮನೆಯಲ್ಲಿದ್ದರೆ ಸ್ಯಾನ್ ಹೊಸೆಯ ಯಾವ ಗೋಪುರವೂ ಅವರಿಗೆ ನೆರವಾಗದು. ಅಲ್ಲಿ ಅಂತರಜಾಲವೇ ಗತಿ. ಬಾಡಿಗೆಯ ಮನೆಯೆಂದು ಹಿಂಜರಿಯುವವರು ತಿಳಿಯಬೇಕಾದ ಮಾತೊಂದಿದೆ: ತನ್ನ ಸ್ವಂತ ಉಪಯೋಗಕ್ಕೆ ಮಾತ್ರ ಬಿಟ್ಟಿರುವ ಮೊಗಸಾಲೆಯಲ್ಲೋ ಅಂಗಳದಲ್ಲೋ ಟೆಲಿವಿಷನ್ ಆಂಟೆನಾ ಇಡುವವನನ್ನು ಮನೆಯ ಒಡೆಯನು ತಡೆಯಕೂಡದೆಂದು ಅಮೆರಿಕದಲ್ಲಿ 1999ರಿಂದ ನಿಯಮವಿದೆ.

ಅನಂತರ ಲೆಕ್ಕ. ಆಂಟೆನಾಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು. ಸ್ಟ್ರೀಮಿಂಗಿಗೆ ಹಾಗಿಲ್ಲ. ಒಂದು ಸೇವೆಗೆ ಕೊಡುವ ತಿಂಗಳ ಹಣ ಅಲ್ಪವೆಂದು ತೋರಿದರೂ, ನಾಲ್ಕೈದು ಸೇವೆಗಳಾದರೆ ಹಳೆಯ ಕೇಬಲ್ ಬಿಲ್ಲೇ ಬೇರೆ ವೇಷದಲ್ಲಿ ಬಂದು ನಿಲ್ಲುವುದು. ಉತ್ತಮ ಚಿತ್ರವನ್ನು ಒಂದು ಗಂಟೆ ನೋಡಿದರೆ ಎರಡರಿಂದ ಮೂರು ಗಿಗಾಬೈಟಿನಷ್ಟು ಅಂತರಜಾಲ ವ್ಯಯವಾಗುವುದೆಂಬುದನ್ನೂ ಮರೆಯಬಾರದು. ಇನ್ನೊಂದು ವಿನೋದ: ಅನೇಕ ಮನೆಗಳಿಗೆ ಅಂತರಜಾಲವನ್ನು ತರುವುದು ಅದೇ ಕೇಬಲ್ ಕಂಪನಿಯ ಅದೇ ತಂತಿ! ಅವರು ಕಡಿದದ್ದು ತಂತಿಯನ್ನಲ್ಲ, ಬಿಲ್ಲಿನ ಒಂದು ಸಾಲನ್ನು. ಅಂತರಜಾಲದ ದರವನ್ನು ವಿಚಾರಿಸದೆ ಉಳಿತಾಯದ ಮೊತ್ತವನ್ನು ಹೇಳುವುದು ಅವಸರದ ಮಾತಾಗುತ್ತದೆ.

ನಮ್ಮಲ್ಲಿ

ನಮ್ಮ ದೇಶದ ಪರಿಸ್ಥಿತಿ ಬೇರೆ. ದೂರದರ್ಶನದ ಹಳೆಯ ಪದ್ಧತಿಯ ಭೂಪ್ರಸಾರವು ಕೆಲವು ಆಯಕಟ್ಟಿನ ಸ್ಥಳಗಳನ್ನು ಬಿಟ್ಟು 2022ರ ಹೊತ್ತಿಗೆ ನಿಂತುಹೋಯಿತು. ಮೀನಿನ ಮುಳ್ಳಿನ ಆಂಟೆನಾವನ್ನು ಮತ್ತೆ ಮಾಡಿಗೇರಿಸಿದರೆ ಬಹುಪಾಲು ಊರುಗಳಲ್ಲಿ ಹಿಡಿಯಲು ಅಲೆಯೇ ಇಲ್ಲ. ಇಲ್ಲಿ ಆ ಸ್ಥಾನದಲ್ಲಿರುವುದು 2004ರಲ್ಲಿ ಆರಂಭವಾಗಿ ಈಗ ಡಿ.ಡಿ. ಫ್ರೀ ಡಿಶ್ ಎನಿಸಿಕೊಂಡಿರುವ ಉಪಗ್ರಹಸೇವೆ. ತಟ್ಟೆಯನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ತಿಂಗಳ ಶುಲ್ಕವಿಲ್ಲದೆ ಚಂದನವೂ ಇತರ ವಾಹಿನಿಗಳೂ ಬರುತ್ತವೆ. ಇದೂ ಗಂಟೆಯ ಜಾತಿಯದೇ; ಗಂಟೆ ಮಾತ್ರ ಆಕಾಶದಲ್ಲಿದೆ. ಇದಲ್ಲದೆ, ಅಂತರಜಾಲದ ನೆರವಿಲ್ಲದೆ ಗೋಪುರದಿಂದ ನೇರವಾಗಿ ಕೈಫೋನಿಗೆ ಚಿತ್ರವನ್ನು ಪ್ರಸಾರ ಮಾಡುವ ಪ್ರಯೋಗಗಳು 2023ರಲ್ಲಿ ಬೆಂಗಳೂರಿನಲ್ಲಿಯೂ ದೆಹಲಿಯ ಕರ್ತವ್ಯ ಪಥದಲ್ಲಿಯೂ ನಡೆದುವು.

ತಂತಿಯು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಗಾಳಿಯು ಎಲ್ಲರಿಗೂ ಒಂದೇ ಸಲ ಮುಟ್ಟುವ ಬಲವನ್ನು ಕೊಡುತ್ತದೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟಾಗ ಹಣವೋ ಶಕ್ತಿಯೋ ಪೋಲಾಗುವುದು. ಮನೆಯ ಯಜಮಾನನಿಗೆ ಇದು ತಿಂಗಳ ಬಿಲ್ಲಿನ ವಿಚಾರ. ಆದರೆ ಯಾವ ಅಲೆಯ ಪಟ್ಟಿಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸರಕಾರಗಳಿಗೆ, ಹಣ ತೆರಲಾರದವನಿಗೂ ಸುದ್ದಿ ಮುಟ್ಟಬೇಕೆ ಎಂಬ ವಿಚಾರ. ಅಮೆರಿಕವು 2017ರಲ್ಲಿ ಟೆಲಿವಿಷನ್ನಿನ ಪಟ್ಟಿಯಲ್ಲಿ ಒಂದು ಭಾಗವನ್ನು ಹರಾಜಿನಲ್ಲಿ ಫೋನ್ ಕಂಪನಿಗಳಿಗೆ ಕೊಟ್ಟಿತು. ಉಳಿದ ಪಟ್ಟಿಯ ಮೇಲೂ ಅನೇಕರ ಕಣ್ಣಿದೆ. ಆಂಟೆನಾವನ್ನು ಮಾಡಿಗೇರಿಸಿದ ಒಂದೊಂದು ಮನೆಯೂ ಆ ಪಟ್ಟಿಯು ಇನ್ನೂ ಉಪಯೋಗದಲ್ಲಿದೆಯೆಂಬುದಕ್ಕೆ ಒಂದೊಂದು ಸಾಕ್ಷಿಯಾಗಿ ನಿಂತಿದೆ.